ಬೇಸಿಗೆಯ ಬಿಡುವು, ಚರ್ಚಿನ ಕೆಲಸ

ಅಮೆರಿಕದ ಚರ್ಚುಗಳ ಲೆಕ್ಕದಲ್ಲಿ ಬೇಸಿಗೆ ಎಂದರೆ ಮೇ ತಿಂಗಳ ಕೊನೆಯ ಸೋಮವಾರ ಬರುವ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇವರೆಗಿನ ಮೂರು ತಿಂಗಳು. ಶಾಲೆಗಳಿಗೆ ರಜೆ ಬಿದ್ದೊಡನೆ ಕುಟುಂಬಗಳು ಕಡಲ ತೀರಕ್ಕೋ ಸರೋವರದ ದಂಡೆಗೋ ಅಜ್ಜ-ಅಜ್ಜಿಯ ಊರಿಗೋ ಹೊರಡುತ್ತವೆ. ಭಾನುವಾರದ ಆರಾಧನೆಗೆ ಬರುವವರ ಸಂಖ್ಯೆ ಇಳಿಯುತ್ತದೆ. ಕ್ವಾಯರ್‌ನವರು ಜೂನ್ ಹೊತ್ತಿಗೆ ನಿಲುವಂಗಿ ಮಡಚಿಟ್ಟು ರಜೆ ಪಡೆಯುತ್ತಾರೆ, ಸಂಡೇ ಸ್ಕೂಲ್ ನಿಲ್ಲುತ್ತದೆ, ಸಮಿತಿಗಳು ಸಭೆ ಸೇರುವುದನ್ನು ಸೆಪ್ಟೆಂಬರಿಗೆ ಮುಂದೂಡುತ್ತವೆ. ಬೆಳಿಗ್ಗೆ ಎಂಟೂವರೆಗೊಂದು, ಹನ್ನೊಂದಕ್ಕೊಂದು ಎಂದು ಎರಡು ಆರಾಧನೆ ನಡೆಸುವ ಎಷ್ಟೋ ಚರ್ಚುಗಳು ಒಂಬತ್ತೂವರೆಗೆ ಒಂದನ್ನೇ ಇಟ್ಟುಕೊಳ್ಳುತ್ತವೆ. ಕಾಣಿಕೆಯ ತಟ್ಟೆಯೂ ಹಗುರಾಗುತ್ತದೆ. ಈ ಇಳಿತಕ್ಕೆ ಅಲ್ಲಿ 'ಸಮ್ಮರ್ ಸ್ಲಂಪ್' ಎಂಬ ಹೆಸರೇ ಬಿದ್ದಿದೆ.

ಆದರೆ ಎಲ್ಲರೂ ಊರು ಬಿಡುವುದಿಲ್ಲ. ರಜೆಗೆ ಹೋಗಲು ಹಣವಿಲ್ಲದವರು, ಗಂಟೆ ಲೆಕ್ಕದಲ್ಲಿ ದುಡಿಯುವವರು, ಒಂಟಿಯಾಗಿರುವ ಮುದುಕರು, ತಾಯಿ-ತಂದೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯ ಮಕ್ಕಳು ಊರಿನಲ್ಲೇ ಉಳಿಯುತ್ತಾರೆ. ಶಾಲೆ, ಶಾಲೆಯ ಊಟ, ವಾರದ ಕೂಟಗಳು ನಿಂತುಹೋದಾಗ ಇವರಿಗೆ ಬೇಸಿಗೆಯೇ ವರ್ಷದ ಕಷ್ಟದ ಕಾಲ. ಬೇಸಿಗೆಯನ್ನು ಸಾರ್ಥಕ ಮಾಡಿಕೊಂಡ ಚರ್ಚುಗಳ ಚರಿತ್ರೆಯನ್ನು ತೆಗೆದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಅವು ಯಾರು ಹೋದರೆಂದು ಎಣಿಸುತ್ತ ಕೂರಲಿಲ್ಲ, ಯಾರು ಉಳಿದಿದ್ದಾರೆ ಎಂದು ನೋಡಿದವು.

ಬೇಸಿಗೆ ಸಪ್ಪೆಯಾಗಲು ಚರ್ಚಿನ ಪಂಚಾಂಗವೂ ಒಂದಿಷ್ಟು ಕಾರಣ. ಕ್ರಿಸ್ಮಸ್, ಶ್ರಮೆಯ ದಿನಗಳು, ಈಸ್ಟರ್, ಈಸ್ಟರಿನ ಐವತ್ತನೆಯ ದಿನದ ಪೆಂತೆಕೊಸ್ತ್ ಹೀಗೆ ದೊಡ್ಡ ಹಬ್ಬಗಳೆಲ್ಲ ಚರ್ಚಿನ ವರ್ಷದ ಮೊದಲ ಅರ್ಧದಲ್ಲೇ ಬಂದು ಹೋಗುತ್ತವೆ. ಅಲ್ಲಿಂದ ನವೆಂಬರ್ ಕೊನೆಯ ಆಗಮನ ಕಾಲದವರೆಗೆ ಸುಮಾರು ಆರು ತಿಂಗಳು ಸಾಧಾರಣ ಕಾಲ. ಬಲಿಪೀಠದ ಮೇಲೆ ಹಸಿರು ವಸ್ತ್ರ ಹಾಸಿದರೆ ತಿಂಗಳುಗಟ್ಟಲೆ ಅದನ್ನು ಬದಲಿಸುವ ಪ್ರಮೇಯವೇ ಬಾರದು. ಹಬ್ಬದ ಒತ್ತಡವಿಲ್ಲದ ಈ ಕಾಲವನ್ನು ಭಾನುವಾರದ ಬೈಬಲ್ ವಾಚನಪಟ್ಟಿ ರೂಪಿಸಿದವರು ಜಾಣತನದಿಂದ ಬಳಸಿಕೊಂಡಿದ್ದಾರೆ. ಅನೇಕ ಪ್ರಾಟೆಸ್ಟೆಂಟ್ ಸಭೆಗಳು 1992ರಲ್ಲಿ ಸಿದ್ಧವಾದ ಪರಿಷ್ಕೃತ ಸಾಮಾನ್ಯ ವಾಚನಪಟ್ಟಿಯನ್ನು ಅನುಸರಿಸುತ್ತವೆ. ಮೂರು ವರ್ಷದ ಆ ಆವರ್ತದಲ್ಲಿ ಒಂದು ಬೇಸಿಗೆ ಆದಿಕಾಂಡದ ಅಬ್ರಹಾಮ-ಯಾಕೋಬ-ಯೋಸೇಫರ ಕಥೆ, ಇನ್ನೊಂದು ಬೇಸಿಗೆ ದಾವೀದನ ಕಥೆ, ಮತ್ತೊಂದು ಬೇಸಿಗೆ ಪ್ರವಾದಿಗಳ ಮಾತು ವಾರದಿಂದ ವಾರಕ್ಕೆ ಧಾರಾವಾಹಿಯಂತೆ ಸಾಗುತ್ತದೆ. ಎರಡನೆಯ ವರ್ಷದ ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗಿನ ಐದು ಭಾನುವಾರಗಳಲ್ಲಿ ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯವೊಂದನ್ನೇ, ರೊಟ್ಟಿಯ ಪ್ರಸಂಗವನ್ನು, ಓದಲಾಗುತ್ತದೆ. ಕ್ಯಾಥೊಲಿಕರ ಪಟ್ಟಿಯಲ್ಲೂ ಹೀಗೆಯೇ. ಒಂದೇ ಅಧ್ಯಾಯದ ಮೇಲೆ ಐದು ವಾರ ಮಾತನಾಡುವ ಅವಕಾಶ ಹಬ್ಬದ ದಿನಗಳಲ್ಲಿ ಯಾವ ಪ್ರಸಂಗಿಗೂ ಸಿಕ್ಕುವುದಿಲ್ಲ.

ಬೇಸಿಗೆ ಎಂದೆಂದೂ ಸಪ್ಪೆಯಾಗಿತ್ತೆಂದು ತಿಳಿಯುವುದು ತಪ್ಪು. ಅಮೆರಿಕ ಇನ್ನೂ ರೈತರ ದೇಶವಾಗಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ಹಳ್ಳಿಗಳ ಧಾರ್ಮಿಕ ಬದುಕು ತುಂಬಿ ಹರಿಯುತ್ತಿದ್ದದ್ದೇ ಬೇಸಿಗೆಯಲ್ಲಿ. ದಕ್ಷಿಣದ ರಾಜ್ಯಗಳಲ್ಲಿ ಮೆಕ್ಕೆಜೋಳ, ಹತ್ತಿಯ ಹೊಲಗಳಿಗೆ ಕೊನೆಯ ಕಳೆ ತೆಗೆದು ಮುಗಿಯುವುದು ಜುಲೈಯಲ್ಲಿ. ಕೊಯ್ಲು ಶುರುವಾಗುವುದು ಸೆಪ್ಟೆಂಬರಿನಲ್ಲಿ. ನಡುವಿನ ಆರೇಳು ವಾರ ಬೆಳೆ ತನ್ನ ಪಾಡಿಗೆ ತಾನು ಬೆಳೆಯುತ್ತದೆ, ರೈತನ ಕೈ ಖಾಲಿ. ಬಯಲಿನಲ್ಲಿ ಬಿಡಾರ ಹೂಡಿ ಸೇರುವ ಕ್ಯಾಂಪ್ ಮೀಟಿಂಗುಗಳು ಹುಟ್ಟಿ ಬೆಳೆದದ್ದು ಈ ಸಂದಿಯಲ್ಲಿ. ಕೆಂಟಕಿಯ ಕೇನ್ ರಿಜ್ ಎಂಬಲ್ಲಿ 1801ರ ಆಗಸ್ಟಿನಲ್ಲಿ ನಡೆದ ಕೂಟಕ್ಕೆ 10,000ದಿಂದ 25,000 ಜನ ಸೇರಿದ್ದರೆಂಬ ಅಂದಾಜಿದೆ. ರಸ್ತೆಯೇ ಸರಿಯಾಗಿಲ್ಲದ ಗಡಿನಾಡಿನಲ್ಲಿ ಜನ ಹೆಂಡತಿ-ಮಕ್ಕಳೊಂದಿಗೆ ಗಾಡಿ ಕಟ್ಟಿಕೊಂಡು ಬಂದು, ಮರದಡಿ ಬಿಡಾರ ಹೂಡಿ, ಹಗಲು ರಾತ್ರಿ ಪ್ರಸಂಗ ಕೇಳಿದರು. ವರ್ಷವಿಡೀ ನೆರೆಯವರ ಮುಖ ಕಾಣದೆ ದುಡಿದವರಿಗೆ ಅದು ಜಾತ್ರೆಯೂ ಆಗಿತ್ತು, ನೆಂಟರಿಷ್ಟರು ಸೇರುವ ಸಮಾರಂಭವೂ ಆಗಿತ್ತು.

ಇಂಥ ಕೆಲವು ಬಿಡಾರಗಳು ಮುಂದೆ ಊರುಗಳೇ ಆದವು. ಮ್ಯಾಸಚೂಸೆಟ್ಸ್ ಕರಾವಳಿಯ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಮೆಥಡಿಸ್ಟರು 1835ರಲ್ಲಿ ಡೇರೆ ಹೊಡೆದ ಓಕ್ ಮರಗಳ ತೋಪಿನಲ್ಲಿ ಇಂದು ಬಣ್ಣ ಬಳಿದ, ಕೆತ್ತನೆಯ ಅಂಚುಗಳ ಸುಮಾರು 300 ಪುಟ್ಟ ಮರದ ಮನೆಗಳಿವೆ. ನಡುವೆ 1879ರಲ್ಲಿ ಕಬ್ಬಿಣದಲ್ಲಿ ಕಟ್ಟಿದ ತೆರೆದ ಪ್ರಾರ್ಥನಾ ಮಂಟಪವಿದೆ. ನ್ಯೂಜೆರ್ಸಿಯ ಓಷನ್ ಗ್ರೋವ್ ಪಟ್ಟಣ 1869ರಲ್ಲಿ ಹೀಗೆಯೇ ಹುಟ್ಟಿತು. ನೂರಕ್ಕೂ ಹೆಚ್ಚು ಕುಟುಂಬಗಳು ಈಗಲೂ ಅಲ್ಲಿ ಪ್ರತಿ ಬೇಸಿಗೆ ಕ್ಯಾನ್ವಾಸ್ ಡೇರೆಗಳಲ್ಲಿ ಬಂದು ನೆಲೆಸುತ್ತವೆ. ನ್ಯೂಯಾರ್ಕ್ ರಾಜ್ಯದ ಷಟಾಕ್ವಾ ಸರೋವರದ ದಂಡೆಯಲ್ಲಿ 1874ರ ಆಗಸ್ಟಿನಲ್ಲಿ ನಡೆದ ಪ್ರಯೋಗದ ಉದ್ದೇಶ ಬೇರೆಯಿತ್ತು. ಮೆಥಡಿಸ್ಟ್ ಪಾದ್ರಿ ಜಾನ್ ಹೇಲ್ ವಿನ್ಸೆಂಟ್ ಮತ್ತು ಓಹಾಯೊದ ಕಾರ್ಖಾನೆದಾರ ಲೂಯಿಸ್ ಮಿಲ್ಲರ್ ಅಲ್ಲಿ ಎರಡು ವಾರ ಸಂಡೇ ಸ್ಕೂಲ್ ಶಿಕ್ಷಕರನ್ನು ಕೂರಿಸಿ ಪಾಠ ಮಾಡುವ ಬಗೆಯನ್ನು ಕಲಿಸಿದರು. ವರ್ಷವಿಡೀ ಕಲಿಸುವವರಿಗೆ ತಾವು ಕಲಿಯಲು ಬಿಡುವು ಸಿಗುವುದು ಬೇಸಿಗೆಯಲ್ಲೇ ಎಂಬ ಸರಳ ಯೋಚನೆ ಅದರ ಹಿಂದಿತ್ತು. ನಾಲ್ಕೇ ವರ್ಷದಲ್ಲಿ, 1878ರಲ್ಲಿ, ಅದು ಮನೆಯಲ್ಲೇ ಕುಳಿತು ಓದುವವರ ವಾಚಕ ಮಂಡಲಿಯಾಗಿ ದೇಶವಿಡೀ ಹರಡಿತು.

ನಗರಗಳ ಕಥೆ ಇದಕ್ಕೆ ವಿರುದ್ಧ. ಬಾಸ್ಟನ್, ನ್ಯೂಯಾರ್ಕ್, ಬ್ರೂಕ್ಲಿನ್‌ಗಳ ಉಳ್ಳವರ ಚರ್ಚುಗಳು ಜುಲೈ-ಆಗಸ್ಟಿನಲ್ಲಿ ಬಾಗಿಲು ಹಾಕುವುದೇ ರೂಢಿಯಾಯಿತು. ಆ ಕಾಲದ ಅತಿ ಪ್ರಸಿದ್ಧ ಪ್ರಸಂಗಿ, ಬ್ರೂಕ್ಲಿನ್‌ನ ಪ್ಲಿಮತ್ ಚರ್ಚಿನ ಹೆನ್ರಿ ವಾರ್ಡ್ ಬೀಚರ್‌ಗೆ ಹೂಧೂಳಿನ ಅಲರ್ಜಿಯ ಕಾಟವಿತ್ತು. ಬೇಸಿಗೆ ಬಂತೆಂದರೆ ನ್ಯೂಹ್ಯಾಂಪ್‌ಶೈರಿನ ವೈಟ್ ಮೌಂಟನ್ಸ್ ಬೆಟ್ಟಗಳಿಗೆ ಹೋಗಿ ಹೋಟೆಲೊಂದರಲ್ಲಿ ತಂಗುತ್ತಿದ್ದರು, ಅಲ್ಲಿ ಸೇರಿದ ಪ್ರವಾಸಿಗಳಿಗೇ ಪ್ರಸಂಗ ಮಾಡುತ್ತಿದ್ದರು. ಪಾದ್ರಿಯೂ ಬೆಟ್ಟದ ಮೇಲೆ, ಶ್ರೀಮಂತ ಸಭಿಕರೂ ಬೆಟ್ಟದ ಮೇಲೆ. ನಗರದ ಸೆಕೆಯಲ್ಲಿ ಉಳಿದದ್ದು ಬೀಗ ಜಡಿದ ಕಲ್ಲಿನ ಕಟ್ಟಡ, ಅದರ ಸುತ್ತಲಿನ ಬಾಡಿಗೆ ಕೋಣೆಗಳಲ್ಲಿ ಉಸಿರುಗಟ್ಟಿ ಬದುಕುವ ಕಾರ್ಮಿಕರ ಕುಟುಂಬಗಳು.

ಈ ಅಸಂಗತಿಯನ್ನು ಕಂಡವರಿಂದಲೇ ಬೇಸಿಗೆಯ ಅತ್ಯಂತ ಯಶಸ್ವಿ ಕಾರ್ಯಕ್ರಮ ಹುಟ್ಟಿತು: ವೆಕೇಶನ್ ಬೈಬಲ್ ಸ್ಕೂಲ್, ಎಲ್ಲರ ಬಾಯಲ್ಲಿ ವಿಬಿಎಸ್. ನ್ಯೂಯಾರ್ಕಿನ ಎಪಿಫನಿ ಬ್ಯಾಪ್ಟಿಸ್ಟ್ ಚರ್ಚಿನ ಎಲೈಜಾ ಹಾಸ್ ಎಂಬ ಮಹಿಳೆ 1898ರ ಬೇಸಿಗೆಯಲ್ಲಿ ನಗರದ ಪೂರ್ವ ಭಾಗದ ವಲಸಿಗರ ಓಣಿಯಲ್ಲಿ ಒಂದು ಬಿಯರ್ ಅಂಗಡಿಯನ್ನೇ ಬಾಡಿಗೆಗೆ ಹಿಡಿದು, ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳನ್ನು ಕರೆದು ಕೂರಿಸಿ ಕಥೆ, ಹಾಡು, ಆಟ, ಕೈಕೆಲಸ ಶುರು ಮಾಡಿದರು. ಅದೇ ನಗರದ ಬ್ಯಾಪ್ಟಿಸ್ಟ್ ಮಿಷನ್ ಸಂಘದಲ್ಲಿದ್ದ ರಾಬರ್ಟ್ ಬೋವಿಲ್ ಇದನ್ನು ನೋಡಿ ದೊಡ್ಡದಾಗಿ ಯೋಚಿಸಿದರು. ಬೀದಿಯಲ್ಲಿ ಸುಮ್ಮನೆ ಅಲೆಯುವ ಮಕ್ಕಳು, ಸುಮ್ಮನೆ ನಿಂತ ಚರ್ಚು ಕಟ್ಟಡಗಳು, ರಜೆಯಲ್ಲಿ ಕೈಕಟ್ಟಿ ಕುಳಿತ ಕಾಲೇಜು ವಿದ್ಯಾರ್ಥಿಗಳು — ಈ ಮೂರನ್ನೂ ಒಂದೆಡೆ ತಂದರೆ ಹೇಗೆ? 1901ರಲ್ಲಿ ಅವರು ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಶಿಕ್ಷಕರಾಗಿ ಹಚ್ಚಿ ನ್ಯೂಯಾರ್ಕಿನಲ್ಲಿ ಇಂಥ ಶಾಲೆಗಳನ್ನು ತೆರೆದರು. ಹೊಸ ಕಟ್ಟಡವಿಲ್ಲ, ಹೊಸ ಸಂಬಳದ ಹುದ್ದೆಗಳಿಲ್ಲ. ಇದ್ದ ಮೂರು ಬಿಡುವುಗಳನ್ನು ಹೆಣೆದರು, ಅಷ್ಟೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೂರ ಹೋದ ಚರ್ಚಿನ ಯೋಜನೆ ಬೇರೊಂದು ಸಿಗುವುದು ಕಷ್ಟ.

ಮೊದಮೊದಲು ವಾರಗಟ್ಟಲೆ ನಡೆಯುತ್ತಿದ್ದ ವಿಬಿಎಸ್ ಇಂದು ಬಹುಪಾಲು ಕಡೆ ಸೋಮವಾರದಿಂದ ಶುಕ್ರವಾರದವರೆಗಿನ ಐದು ದಿನಕ್ಕೆ ಇಳಿದಿದೆ. ದುಡಿಯುವ ತಂದೆ-ತಾಯಿಯರಿಗಾಗಿ ಕೆಲವು ಚರ್ಚುಗಳು ಅದನ್ನು ಸಂಜೆಗೆ ತಂದಿವೆ. ಪ್ರಕಾಶನ ಸಂಸ್ಥೆಗಳು ಪ್ರತಿ ವರ್ಷ ಸಮುದ್ರ, ಕಾಡು, ಆಕಾಶಯಾನ ಎಂದು ಒಂದೊಂದು ವಿಷಯ ಹಿಡಿದು ಹಾಡು, ಪಾಠ, ಅಲಂಕಾರದ ಸಾಮಾನುಗಳ ಪೆಟ್ಟಿಗೆಯನ್ನೇ ಮಾರುತ್ತವೆ. ಚೆನ್ನಾಗಿ ನಡೆಯುವ ವಿಬಿಎಸ್‌ನ ಗುಟ್ಟು ಆ ಪೆಟ್ಟಿಗೆಯಲ್ಲಿಲ್ಲ, ಬಾಗಿಲ ಬಳಿಯ ನೋಂದಣಿ ಮೇಜಿನಲ್ಲಿದೆ. ಅಲ್ಲಿ ಕುಳಿತವರು ಮಗುವಿನ ಹೆಸರು, ವಯಸ್ಸಿನ ಜೊತೆಗೆ ಕಡಲೆಕಾಯಿಯಂಥದ್ದೇನಾದರೂ ಒಗ್ಗದೆ ಇದೆಯೇ, ಮಧ್ಯಾಹ್ನ ಕರೆದೊಯ್ಯಲು ಬರುವವರು ಯಾರು, ಬೇರೆ ಯಾರಾದರೂ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಮಗುವಿನ ಅಂಗಿಗೆ ಗುಂಪಿನ ಬಣ್ಣದ ಚೀಟಿ ಅಂಟಿಸುತ್ತಾರೆ. ಯಾವ ಕೋಣೆಯಲ್ಲೂ ಒಬ್ಬರೇ ದೊಡ್ಡವರು ಮಕ್ಕಳೊಂದಿಗೆ ಇರಕೂಡದು, ಪರಸ್ಪರ ಸಂಬಂಧಿಗಳಲ್ಲದ ಇಬ್ಬರಾದರೂ ಇರಬೇಕು ಎಂಬುದು ಜವಾಬ್ದಾರಿಯುತ ಚರ್ಚುಗಳೆಲ್ಲ ಪಾಲಿಸುವ ನಿಯಮ. ಸ್ವಯಂಸೇವಕರ ಹಿನ್ನೆಲೆಯನ್ನು ಪೊಲೀಸ್ ದಾಖಲೆಯಲ್ಲಿ ಪರಿಶೀಲಿಸಿಯೇ ಸೇರಿಸಿಕೊಳ್ಳುತ್ತಾರೆ. ಈ ಎಚ್ಚರ ಬೇಸರ ತರಿಸುವಂಥದ್ದಾದರೂ ಇದರಲ್ಲಿ ಸಡಿಲ ಬಿಡುವಂತಿಲ್ಲ.

ವಿಬಿಎಸ್‌ಗೆ ಒಂದು ದೌರ್ಬಲ್ಯವೂ ಅಂಟಿದೆ. ಸಣ್ಣ ಪಟ್ಟಣದ ನಾಲ್ಕು ಚರ್ಚುಗಳು ಒಂದೇ ಪ್ರಕಾಶಕರ ಒಂದೇ ಪೆಟ್ಟಿಗೆ ತಂದು ಬೇರೆ ಬೇರೆ ವಾರ ನಡೆಸುತ್ತವೆ; ಅದೇ ಮಕ್ಕಳು ನಾಲ್ಕೂ ಕಡೆ ಹೋಗಿ ಅದೇ ಹಾಡು ಹಾಡುತ್ತಾರೆ; ಯಾವ ಚರ್ಚಿಗೂ ಸೇರದ ಮನೆಯ ಮಗು ಮಾತ್ರ ಹೊರಗೇ ಉಳಿಯುತ್ತದೆ. ನಾಲ್ಕು ಸಭೆಗಳು ಸೇರಿ ಒಂದೇ ಶಾಲೆ ನಡೆಸುವುದು, ಅದನ್ನು ಚರ್ಚಿನ ಸಭಾಂಗಣದಿಂದ ಹೊರತಂದು ಬಡವರ ವಸತಿ ಸಮುಚ್ಚಯದ ಅಂಗಳದಲ್ಲೋ ಉದ್ಯಾನದಲ್ಲೋ ನಡೆಸುವುದು ಇದಕ್ಕೆ ಸರಿಯಾದ ಪರಿಹಾರ. ಎಲೈಜಾ ಹಾಸ್ ಮೊದಲಿಗೆ ಶಾಲೆ ನಡೆಸಿದ್ದೂ ಚರ್ಚಿನ ಹೊರಗೇ.

ಕರ್ನಾಟಕಕ್ಕೆ ಬೇಸಿಗೆಯ ಈ ಶಾಲೆ ಅಚ್ಚುಕಟ್ಟಾಗಿ ಒಗ್ಗಿದೆ, ತಿಂಗಳುಗಳು ಮಾತ್ರ ಬೇರೆ. ಇಲ್ಲಿ ಶಾಲೆಗಳಿಗೆ ರಜೆ ಏಪ್ರಿಲ್-ಮೇಯಲ್ಲಿ, ಹೆಚ್ಚುಕಡಿಮೆ ಈಸ್ಟರಿನ ಬೆನ್ನಿಗೇ. ದಕ್ಷಿಣ ಭಾರತ ಸಭೆಯ, ಅಂದರೆ ಸಿಎಸ್‌ಐನ, ಚರ್ಚುಗಳಲ್ಲಿ ವಿಬಿಎಸ್ ಎಂಬ ಹೆಸರು ಮಕ್ಕಳ ಬಾಯಲ್ಲಿ ಸಲೀಸಾಗಿದೆ. ಬಿಸಿಲೇರುವ ಮೊದಲು ಬೆಳಗಿನಲ್ಲೇ ತರಗತಿ, ಕೈಸನ್ನೆಯ ಹಾಡುಗಳು, ಬಾಯಿಪಾಠದ ವಚನಗಳು, ಕೊನೆಯ ದಿನ ತಂದೆ-ತಾಯಿಯರ ಮುಂದೆ ಕಾರ್ಯಕ್ರಮ. ಇಲ್ಲಿ ಬೇಸಿಗೆಯಲ್ಲಿ ಎಲ್ಲ ಚರ್ಚುಗಳೂ ಖಾಲಿಯಾಗುತ್ತವೆ ಎನ್ನಲಾಗದು. ಬೆಂಗಳೂರಿನ ಸಭೆಗಳಲ್ಲಿ ಊರಿಗೆ ಹೋದವರ ಜಾಗ ಖಾಲಿ ಕಂಡರೆ, ಮಂಗಳೂರು ಸೀಮೆಯ ಧರ್ಮಕೇಂದ್ರಗಳಿಗೆ ಮೇ ತಿಂಗಳಲ್ಲಿ ಮುಂಬೈಯಿಂದಲೂ ಕೊಲ್ಲಿ ದೇಶಗಳಿಂದಲೂ ಮಕ್ಕಳು ಮರಿಗಳೊಂದಿಗೆ ಜನ ಮರಳುತ್ತಾರೆ, ಸಾಲು ಸಾಲು ಮದುವೆಗಳಾಗುತ್ತವೆ. ಬಿಡುವಿನ ಕಾಲ ಯಾವುದೆಂಬುದನ್ನು ಪ್ರತಿ ಸಭೆಯೂ ತನ್ನ ಹಾಜರಿ ಪುಸ್ತಕ ನೋಡಿಯೇ ತಿಳಿಯಬೇಕು.

ಅಮೆರಿಕದ ಬೇಸಿಗೆಯಲ್ಲಿ ಮಕ್ಕಳಿಗೆ ಹಾಡು-ಕಥೆಗಿಂತ ಮೊದಲು ಬೇಕಾಗುವುದು ಊಟ. ಸರ್ಕಾರಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಉಚಿತವಾಗಿಯೋ ರಿಯಾಯಿತಿ ದರದಲ್ಲೋ ಸಿಗುವ ಮಧ್ಯಾಹ್ನದ ಊಟ, ಎಷ್ಟೋ ಕಡೆ ಬೆಳಗಿನ ಉಪಾಹಾರ ಕೂಡ, ರಜೆಯಲ್ಲಿ ನಿಂತುಹೋಗುತ್ತದೆ. ಈ ಕೊರತೆಯನ್ನು ತುಂಬಲು ಕೃಷಿ ಇಲಾಖೆ 1968ರಲ್ಲಿ ಪ್ರಯೋಗವಾಗಿ ಆರಂಭಿಸಿ 1975ರಲ್ಲಿ ಪ್ರತ್ಯೇಕ ಯೋಜನೆಯಾಗಿ ಮಾಡಿದ ಬೇಸಿಗೆ ಊಟದ ಕಾರ್ಯಕ್ರಮವಿದೆ. ಹದಿನೆಂಟರವರೆಗಿನ ಯಾವ ಮಗು ಬಂದರೂ ಊಟ. ಬಡಾವಣೆಯ ಅರ್ಧದಷ್ಟು ಮಕ್ಕಳು ರಿಯಾಯಿತಿ ಊಟಕ್ಕೆ ಅರ್ಹರಾಗಿದ್ದರೆ ಸಾಕು, ಮಗುವಿನ ಮನೆಯ ಆದಾಯವನ್ನು ಯಾರೂ ಕೇಳುವುದಿಲ್ಲ. ಊಟದ ಖರ್ಚನ್ನು ಸರ್ಕಾರ ಕೊಡುತ್ತದೆ. ಬಡಿಸಲು ಜಾಗ, ಅಡುಗೆಮನೆ, ಕೈಗಳು ಬೇಕು. ನೆಲಮಾಳಿಗೆಯಲ್ಲಿ ದೊಡ್ಡ ಅಡುಗೆಮನೆ, ಉದ್ದನೆಯ ಮೇಜುಗಳು, ಸುಮ್ಮನೆ ಬಿದ್ದ ಸಭಾಂಗಣ ಇರುವ ಚರ್ಚಿಗೆ ಇದಕ್ಕಿಂತ ಸಹಜವಾದ ಕೆಲಸ ಇನ್ನಾವುದು? ಸಾವಿರಾರು ಚರ್ಚುಗಳು ಇದರಲ್ಲಿ ಕೈಜೋಡಿಸಿದರೂ ಶಾಲೆಯ ಊಟ ಪಡೆಯುವ ಮಕ್ಕಳಲ್ಲಿ ಸಣ್ಣ ಪಾಲಿಗಷ್ಟೇ ಬೇಸಿಗೆಯ ಊಟ ತಲುಪುತ್ತಿದೆ.

ಓದಿನ ವಿಷಯದಲ್ಲಿ ಕಪ್ಪು ಜನರ ಚರ್ಚುಗಳು ಮಾಡಿದ ಕೆಲಸಕ್ಕೆ ಹೆಚ್ಚು ಗಂಭೀರವಾದ ಹಿನ್ನೆಲೆಯಿದೆ. 1964ರ ಬೇಸಿಗೆಯಲ್ಲಿ ಮತದಾನದ ಹಕ್ಕಿಗಾಗಿ ಮಿಸಿಸಿಪಿಯಲ್ಲಿ ನಡೆದ ಚಳವಳಿಯ ಅಂಗವಾಗಿ 40ಕ್ಕೂ ಹೆಚ್ಚು 'ಸ್ವಾತಂತ್ರ್ಯ ಶಾಲೆ'ಗಳು ತೆರೆದವು. ಅವುಗಳಲ್ಲಿ ಬಹಳಷ್ಟು ನಡೆದದ್ದು ಚರ್ಚುಗಳಲ್ಲೇ. 2,000ಕ್ಕೂ ಹೆಚ್ಚು ಮಕ್ಕಳು, ಕೆಲವು ಕಡೆ ಅವರ ಅಜ್ಜ-ಅಜ್ಜಿಯರೂ, ಓದು-ಬರಹ, ತಮ್ಮ ಜನರ ಚರಿತ್ರೆ, ಪೌರಹಕ್ಕು ಕಲಿತರು. ಬಾಗಿಲು ತೆರೆದ ಚರ್ಚುಗಳು ಅದಕ್ಕೆ ಬೆಲೆ ತೆತ್ತವು. ನೆಶೋಬಾ ಕೌಂಟಿಯ ಮೌಂಟ್ ಜಯಾನ್ ಮೆಥಡಿಸ್ಟ್ ಚರ್ಚು ಇಂಥ ಶಾಲೆಗೆ ಜಾಗ ಕೊಡಲು ಒಪ್ಪಿತ್ತು. ಜೂನ್ 16ರ ರಾತ್ರಿ ಅದನ್ನು ಸುಟ್ಟುಹಾಕಿದರು. ಏನಾಯಿತೆಂದು ವಿಚಾರಿಸಲು ಹೋದ ಜೇಮ್ಸ್ ಚೇನಿ, ಆಂಡ್ರೂ ಗುಡ್‌ಮನ್, ಮೈಕಲ್ ಶ್ವೆರ್ನರ್ ಎಂಬ ಮೂವರು ಯುವಕರನ್ನು ಜೂನ್ 21ರಂದು ಕೊಂದರು. 'ಸ್ವಾತಂತ್ರ್ಯ ಶಾಲೆ' ಎಂಬ ಹೆಸರನ್ನು ಉಳಿಸಿಕೊಂಡು ಚಿಲ್ಡ್ರನ್ಸ್ ಡಿಫೆನ್ಸ್ ಫಂಡ್ ಸಂಸ್ಥೆ 1990ರ ದಶಕದಿಂದ ನಡೆಸುತ್ತಿರುವ ಬೇಸಿಗೆ ಓದಿನ ಶಾಲೆಗಳಿಗೆ ಇಂದಿಗೂ ಅನೇಕ ಚರ್ಚುಗಳು ನೆಲೆ ಕೊಟ್ಟಿವೆ. ಕಾಲೇಜು ವಿದ್ಯಾರ್ಥಿಗಳೇ ಅಲ್ಲಿ ಶಿಕ್ಷಕರು. ರಜೆಯಲ್ಲಿ ಪುಸ್ತಕ ಮುಟ್ಟದ ಮಕ್ಕಳು ಸೆಪ್ಟೆಂಬರಿನ ಹೊತ್ತಿಗೆ ಕಲಿತದ್ದನ್ನು ಮರೆತಿರುವುದನ್ನು ಶಿಕ್ಷಕರೆಲ್ಲ ಬಲ್ಲರು. ಆ ನಷ್ಟವನ್ನು ತಡೆಯುವುದೇ ಈ ಶಾಲೆಗಳ ಗುರಿ.

ಉಳಿದವರ ಸಾಲಿನಲ್ಲಿ ಮಕ್ಕಳ ನಂತರ ಮುದುಕರು. 1995ರ ಜುಲೈ ನಡುವೆ ಷಿಕಾಗೋ ನಗರಕ್ಕೆ ಬಡಿದ ಬಿಸಿಗಾಳಿಯಲ್ಲಿ 700ಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ವಯಸ್ಸಾದವರು, ಬಡವರು. ಎಷ್ಟೋ ಮಂದಿ ಕಿಟಕಿ ಬಾಗಿಲು ಮುಚ್ಚಿಕೊಂಡು ಒಂಟಿಯಾಗಿದ್ದವರು. ಬಾಗಿಲು ತಟ್ಟುವವರೊಬ್ಬರಿದ್ದರೆ ಉಳಿಯಬಹುದಾಗಿದ್ದ ಜೀವಗಳು ಅವು. ಸಭೆಯ ಸದಸ್ಯರ ಪಟ್ಟಿ ಚರ್ಚಿನ ಕಪಾಟಿನಲ್ಲೇ ಇರುತ್ತದೆ. ಎಪ್ಪತ್ತು ದಾಟಿ ಒಂಟಿಯಾಗಿರುವವರ ಹೆಸರುಗಳನ್ನು ಅದರಿಂದ ಜೂನ್ ಮೊದಲ ವಾರವೇ ಬೇರೆ ಬರೆದು, ಸೆಕೆ ಏರಿದ ದಿನ ಯಾರು ಯಾರಿಗೆ ಫೋನ್ ಮಾಡಬೇಕು, ಫೋನ್ ಎತ್ತದಿದ್ದರೆ ಯಾರು ಮನೆಗೆ ಹೋಗಬೇಕು ಎಂದು ಹಂಚಿಕೊಳ್ಳಲು ಒಂದು ಸಂಜೆ ಸಾಕು. ಏಸಿ ಇರುವ ಸಭಾಂಗಣವನ್ನು ಹಗಲು ತೆರೆದಿಟ್ಟು ನೀರು, ಕುರ್ಚಿ, ನಾಲ್ಕು ಪತ್ರಿಕೆ ಇಡುವ ಚರ್ಚುಗಳನ್ನು ನಗರಾಡಳಿತಗಳು ತಂಪು ತಾಣಗಳ ಪಟ್ಟಿಗೆ ಸೇರಿಸಿಕೊಳ್ಳುತ್ತವೆ. ದಕ್ಷಿಣದ ಕಪ್ಪು ಜನರ ಚರ್ಚುಗಳಲ್ಲಿ ಏಸಿ ಬರುವ ಮುಂಚಿನಿಂದ ಬಂದ ಬೀಸಣಿಗೆಗಳು ಈಗಲೂ ಬೆಂಚಿನ ಹಿಂಬದಿಯ ಹಾಡಿನ ಪುಸ್ತಕಗಳ ಜೊತೆ ಇರುತ್ತವೆ. ಐಸ್‌ಕ್ರೀಮ್ ಕಡ್ಡಿಗಿಂತ ಸ್ವಲ್ಪ ದಪ್ಪನೆಯ ಮರದ ಹಿಡಿಗೆ ಹೊಡೆದ ರಟ್ಟು. ಮುಂದೆ ಯೇಸುವಿನದೋ ಮಾರ್ಟಿನ್ ಲೂಥರ್ ಕಿಂಗರದೋ ಚಿತ್ರ, ಹಿಂದೆ ಊರಿನ ಶವಸಂಸ್ಕಾರದ ಅಂಗಡಿಯ ಜಾಹೀರಾತು.

ಜನ ಹೋದ ಕಡೆಗೆ ಚರ್ಚೂ ಹೋಗುವುದು ಇನ್ನೊಂದು ದಾರಿ. ಮೇನ್ ರಾಜ್ಯದ ಕರಾವಳಿಯಲ್ಲಿ ಬೇಸಿಗೆಯಲ್ಲಷ್ಟೇ ಬಾಗಿಲು ತೆರೆಯುವ ಎಪಿಸ್ಕೋಪಲ್ ಗುಡಿಗಳಿವೆ. ವಾರಕ್ಕೊಬ್ಬ ಅತಿಥಿ ಪಾದ್ರಿ ಬಂದು ಆರಾಧನೆ ನಡೆಸುತ್ತಾರೆ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1951ರಲ್ಲಿ ವಾರನ್ ಆಸ್ಟ್ ಎಂಬವರು ಆರಂಭಿಸಿದ ಸೇವೆಯಡಿ ವಿದ್ಯಾರ್ಥಿಗಳು ವಾರವಿಡೀ ಅಲ್ಲಿನ ಹೋಟೆಲು-ಅಂಗಡಿಗಳಲ್ಲಿ ಕೂಲಿಗೆ ದುಡಿದು ಭಾನುವಾರ ಪ್ರವಾಸಿಗಳಿಗೆ ಪ್ರಾರ್ಥನೆ ನಡೆಸುತ್ತಾರೆ. ಈ ಪದ್ಧತಿ ಆಮೇಲೆ ಇತರ ರಾಷ್ಟ್ರೀಯ ಉದ್ಯಾನಗಳಿಗೂ ಹಬ್ಬಿತು. ಕ್ಯಾಥೊಲಿಕರಿಗೆ ಭಾನುವಾರದ ಪೂಜೆ ರಜೆಯಲ್ಲೂ ಕಡ್ಡಾಯವಾದ್ದರಿಂದ ಊರಿನ ಚರ್ಚು ಖಾಲಿಯಾದಷ್ಟೂ ಕಡಲ ತೀರದ ಚರ್ಚು ತುಂಬುತ್ತದೆ. ಹಬ್ಬಗಳೂ ಅವರಿಗೆ ಬೇಸಿಗೆಯಲ್ಲಿ ಕಡಿಮೆಯಲ್ಲ. ಬ್ರೂಕ್ಲಿನ್‌ನ ಇಟಾಲಿಯನ್ ಬಡಾವಣೆಯಲ್ಲಿ ಜುಲೈ 16ರ ಕಾರ್ಮೆಲ್ ಮಾತೆಯ ಹಬ್ಬದ ಸಂದರ್ಭದಲ್ಲಿ ಹಲವು ಮಹಡಿ ಎತ್ತರದ ಅಲಂಕೃತ ಗೋಪುರವನ್ನು ಗಂಡಸರು ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ಕುಣಿಸುತ್ತಾರೆ.

ಉಳಿದವರು ಕಡಿಮೆಯಾದಾಗ ಅವರಿಗೆ ದೊರೆಯುವ ಅವಕಾಶ ಹೆಚ್ಚು. ಪಾದ್ರಿ ರಜೆಯಲ್ಲಿರುವ ವಾರಗಳಲ್ಲಿ ಪ್ರಸಂಗದ ವೇದಿಕೆಗೆ ಸೆಮಿನರಿಯ ವಿದ್ಯಾರ್ಥಿಯೋ, ನಿವೃತ್ತ ಶಿಕ್ಷಕಿಯೋ, ನರ್ಸೋ ಏರುತ್ತಾರೆ. ಯೂನಿಟೇರಿಯನ್ ಸಭೆಗಳಲ್ಲಂತೂ ಬೇಸಿಗೆಯ ಆರಾಧನೆಯನ್ನು ಸದಸ್ಯರೇ ನಡೆಸುವುದು ಬೇರೂರಿದ ಪದ್ಧತಿ. ಕ್ವಾಯರ್‌ಗೂ ಇದೇ ಮಾತು. ಇಂಗ್ಲೆಂಡಿನ ಕ್ಯಾಥೀಡ್ರಲ್ಲುಗಳಲ್ಲಿ ಜುಲೈ ಕೊನೆಗೆ ಶಾಲಾ ಬಾಲಕ-ಬಾಲಕಿಯರ ಕ್ವಾಯರ್ ರಜೆ ಹೋದರೆ ದಿನದ ಸಂಜೆಪ್ರಾರ್ಥನೆ ನಿಲ್ಲುವುದಿಲ್ಲ. ಊರೂರ ಚರ್ಚುಗಳ ಹವ್ಯಾಸಿ ಕ್ವಾಯರ್‌ಗಳು ವಾರಕ್ಕೊಂದರಂತೆ ಬಂದು ಆ ಭವ್ಯ ಕಟ್ಟಡದಲ್ಲಿ ಹಾಡಿ ಹೋಗುತ್ತವೆ. ವರ್ಷವಿಡೀ ಸಣ್ಣ ಚರ್ಚಿನ ಮೂಲೆಯಲ್ಲಿ ನಿಂತು ಹಾಡುವ ಗುಮಾಸ್ತನಿಗೋ ಅಂಗಡಿಯವಳಿಗೋ ಆ ವಾರ ಮರೆಯಲಾಗದ್ದು. ಗ್ಲಾಸ್ಟರ್, ವೂಸ್ಟರ್, ಹೆರೆಫರ್ಡ್ ಊರುಗಳಲ್ಲಿ ಸರದಿಯಂತೆ ನಡೆಯುವ, ಹದಿನೆಂಟನೆಯ ಶತಮಾನದಷ್ಟು ಹಳೆಯದಾದ ತ್ರೀ ಕ್ವಾಯರ್ಸ್ ಸಂಗೀತೋತ್ಸವವೂ ಬೇಸಿಗೆಯದೇ. ಅಮೆರಿಕದ ಸಣ್ಣ ಸಭೆಗಳು ಇಷ್ಟು ದೂರ ಹೋಗಬೇಕಿಲ್ಲ. ಆರಾಧನೆಗೆ ಮುಕ್ಕಾಲು ಗಂಟೆ ಮುಂಚೆ ಯಾರು ಬಂದರೆ ಅವರು ಅಭ್ಯಾಸ ಮಾಡಿ ಆ ದಿನಕ್ಕಷ್ಟೇ ಹಾಡುವ 'ಬೇಸಿಗೆ ಕ್ವಾಯರ್' ಹಲವು ಕಡೆ ಇದೆ. ವರ್ಷಪೂರ್ತಿ ಗುರುವಾರ ಸಂಜೆಯ ಅಭ್ಯಾಸಕ್ಕೆ ಬಿಡುವು ಮಾಡಿಕೊಳ್ಳಲಾಗದವರಿಗೆ, ತಮ್ಮ ಕಂಠದ ಮೇಲೆ ಭರವಸೆಯಿಲ್ಲದವರಿಗೆ ಅದು ಸುಲಭದ ಬಾಗಿಲು.

ಕಟ್ಟಡದ ಕೆಲಸಕ್ಕೆ ಬೇಸಿಗೆಯೇ ಸರಿಯಾದ ಕಾಲ ಎಂಬುದನ್ನು ಹೇಳಬೇಕಾಗಿಲ್ಲ. ಮಾಡಿನ ದುರಸ್ತಿ, ಚಳಿಗಾಲದ ಬಾಯ್ಲರ್ ತಪಾಸಣೆ, ಬೆಂಚುಗಳಿಗೆ ಹೊಸ ಮೆರುಗು, ಸಂಡೇ ಸ್ಕೂಲ್ ಕೋಣೆಗಳಿಗೆ ಬಣ್ಣ ಎಲ್ಲ ಆಗಲೇ ಆಗುತ್ತವೆ. ಆರ್ಗನ್ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ. ಕೊಳಲಿನ ಮಾದರಿಯ ಕೊಳವೆಗಳ ಶ್ರುತಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸೆಮಿಟೋನಿನ ಸುಮಾರು ನೂರರಲ್ಲಿ ಮೂರು ಪಾಲಿನಷ್ಟು ಏರುತ್ತದೆ. ಲೋಹದ ನಾಲಿಗೆ ಕಂಪಿಸುವ ರೀಡ್ ಕೊಳವೆಗಳು ಹಾಗೆ ಏರುವುದಿಲ್ಲ. ಏಸಿ ಆರಿಸಿದ ಜುಲೈ ಮಧ್ಯಾಹ್ನ ಶ್ರುತಿ ಮಾಡಿಸಿದರೆ ಅಕ್ಟೋಬರಿನ ಭಾನುವಾರ ಎರಡು ಬಗೆಯ ಕೊಳವೆಗಳು ಒಂದಕ್ಕೊಂದು ಹೊಂದದೆ ಕಿರಿಕಿರಿ ಹುಟ್ಟಿಸುತ್ತವೆ. ಹಾಗಾಗಿ ಬೇಸಿಗೆಯಲ್ಲಿ ಕೊಳವೆ ಬಿಚ್ಚಿ ಧೂಳು ತೆಗೆಯುವುದು, ಗಾಳಿಚೀಲದ ಹರಿದ ಚರ್ಮ ಬದಲಿಸುವುದು ಮೊದಲಾದ ದೊಡ್ಡ ಕೆಲಸ ಮುಗಿಸಿ, ಶ್ರುತಿಯನ್ನು ಆರಾಧನೆಯ ಸಮಯದ ಉಷ್ಣಾಂಶವನ್ನೇ ಒಳಗೆ ಇಟ್ಟು ಮಾಡಿಸುತ್ತಾರೆ. ಕಚೇರಿಯಲ್ಲೂ ಇಂಥದೇ ಕಣ್ಣಿಗೆ ಬೀಳದ ಕೆಲಸವಿದೆ: ದೀಕ್ಷಾಸ್ನಾನ, ಮದುವೆ, ಮರಣದ ದಾಖಲೆಗಳನ್ನು ಸರಿಪಡಿಸುವುದು, ವಿಳಾಸ ಬದಲಿಸಿದವರನ್ನು ಹುಡುಕುವುದು.

ಹಣದ ಚಿಂತೆ ನಿಜವಾದದ್ದು. ಬರುವವರು ಕಡಿಮೆಯಾದರೂ ಸಂಬಳ, ವಿಮೆ, ಸಾಲದ ಕಂತು ಕಡಿಮೆಯಾಗುವುದಿಲ್ಲ. ಏಸಿಯಿಂದ ವಿದ್ಯುತ್ ಬಿಲ್ಲು ಏರುತ್ತದೆ. ತೆರಿಗೆಯ ವರ್ಷ ಡಿಸೆಂಬರಿಗೆ ಮುಗಿಯುವುದರಿಂದ ಅಮೆರಿಕದಲ್ಲಿ ದೊಡ್ಡ ಕೊಡುಗೆಗಳು ಬರುವುದು ಆ ತಿಂಗಳಲ್ಲಿ, ಜುಲೈಗೆ ಅವು ಬಹಳ ದೂರ. ಗಾಬರಿಯಿಂದ ಮನವಿ ಪತ್ರ ಹೊರಡಿಸಿದರೆ ರಜೆಯಲ್ಲಿರುವವರಿಗೆ ಮುಜುಗರ, ಊರಲ್ಲಿ ಉಳಿದ ಬಡ ಸದಸ್ಯರಿಗೆ ಹೊರೆ. ಬ್ಯಾಂಕ್ ಖಾತೆಯಿಂದ ತಿಂಗಳಿಗೊಮ್ಮೆ ತಾನಾಗಿ ಕಾಣಿಕೆ ಸಲ್ಲುವ ವ್ಯವಸ್ಥೆಗೆ ಮೇ ತಿಂಗಳಲ್ಲೇ ಸದಸ್ಯರನ್ನು ಒಪ್ಪಿಸಿದ ಸಭೆಗಳಿಗೆ ಈ ಇಳಿತ ಅಷ್ಟಾಗಿ ತಟ್ಟುವುದಿಲ್ಲ. ಹಿಂದಿನ ಮೂರು ವರ್ಷಗಳ ಜುಲೈ-ಆಗಸ್ಟ್ ಆದಾಯವನ್ನು ನೋಡಿ ಬಜೆಟ್ಟಿನಲ್ಲೇ ಆ ತಿಂಗಳುಗಳಿಗೆ ಕಡಿಮೆ ಅಂದಾಜು ಇಟ್ಟರೆ ಖಜಾಂಚಿಗೆ ನಿದ್ದೆಗೆಡುವ ಕಾರಣವಿರುವುದಿಲ್ಲ.

ಪಾದ್ರಿಯ ವಿಶ್ರಾಂತಿಯೂ ಬೇಸಿಗೆಯ ಸಾರ್ಥಕ ಬಳಕೆಯೇ. ಶ್ರಮೆಯ ಕಾಲದಿಂದ ಈಸ್ಟರ್ ಕಳೆಯುವವರೆಗೆ ಒಂದೇ ಉಸಿರಿನಲ್ಲಿ ದುಡಿದವರಿಗೆ ಎರಡು ಭಾನುವಾರದ ರಜೆ ಸಾಲದು. ಕೆಲವು ವರ್ಷಕ್ಕೊಮ್ಮೆ ಮೂರು ತಿಂಗಳ ದೀರ್ಘ ಬಿಡುವು ಕೊಡುವ ಸಭೆಗಳು ಅದನ್ನು ಹೆಚ್ಚಾಗಿ ಬೇಸಿಗೆಗೇ ಹೊಂದಿಸುತ್ತವೆ. ಇಂಡಿಯಾನಾಪೊಲಿಸ್‌ನ ಲಿಲಿ ಎಂಡೋಮೆಂಟ್ ಎಂಬ ದತ್ತಿಸಂಸ್ಥೆ ಇಂಥ ಬಿಡುವಿಗಾಗಿ ಸಭೆಗಳಿಗೆ ಅನುದಾನ ಕೊಡುತ್ತ ಬಂದಿದೆ. ಯುನೈಟೆಡ್ ಮೆಥಡಿಸ್ಟರಲ್ಲಿ ಪಾದ್ರಿಗಳ ವರ್ಗಾವಣೆಯೂ ಸಾಮಾನ್ಯವಾಗಿ ಜುಲೈ 1ಕ್ಕೆ ಜಾರಿಗೆ ಬರುತ್ತದೆ. ಹೊಸಬರಿಗೆ ಅರ್ಧ ಖಾಲಿ ಚರ್ಚು ಎದುರಾಗುವುದು ಮೊದಲಿಗೆ ನಿರಾಸೆ ತಂದರೂ ಅವರ ಸಂಜೆಗಳನ್ನು ನುಂಗಲು ಸಮಿತಿಗಳಿರುವುದಿಲ್ಲ. ದಿನಕ್ಕೆ ಎರಡು ಮನೆಯಂತೆ ಭೇಟಿ ಕೊಟ್ಟರೂ ಸೆಪ್ಟೆಂಬರಿನ ಹೊತ್ತಿಗೆ ಮಧ್ಯಮ ಗಾತ್ರದ ಸಭೆಯ ಹೆಚ್ಚಿನವರ ಹೆಸರು, ಕಾಯಿಲೆ-ಕಸಾಲೆ, ಮಕ್ಕಳ ಓದು ಅವರಿಗೆ ತಿಳಿದಿರುತ್ತದೆ.

ಆಗಸ್ಟಿನ ಎರಡನೆಯ ವಾರದಿಂದ ಗಾಳಿ ತಿರುಗುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಆಗಲೇ ಶಾಲೆ ತೆರೆದಿರುತ್ತದೆ, ಈಶಾನ್ಯದಲ್ಲಿ ಲೇಬರ್ ಡೇ ಕಳೆದು ತೆರೆಯುತ್ತದೆ. ಬಡ ಮಕ್ಕಳಿಗೆ ಬ್ಯಾಗು, ಪೆನ್ಸಿಲು, ನೋಟ್‌ಬುಕ್ ಸೇರಿಸಿ ಕೊಡುವ ಸಂಗ್ರಹ ಈ ವಾರಗಳಲ್ಲಿ ನಡೆಯುತ್ತದೆ. ವಿಬಿಎಸ್ ನೋಂದಣಿ ಚೀಟಿಗಳು ಮತ್ತೆ ಕೈಗೆ ಬರಬೇಕಾದ್ದೂ ಆಗಲೇ. ಯಾವ ಸಭೆಗೂ ಸೇರದ ಮನೆಗಳನ್ನು ಅವುಗಳಿಂದ ಗುರುತಿಸಿ, ಮಗುವಿಗೆ ಪಾಠ ಹೇಳಿದ ಶಿಕ್ಷಕರೇ ಹೋಗಿ ಮಾತನಾಡಿಸಿ ಬಂದರೆ ಜೂನಿನ ಐದು ದಿನದ ಪರಿಚಯ ಮುಂದುವರಿಯುತ್ತದೆ. ಚೀಟಿಗಳು ಡ್ರಾಯರಿನಲ್ಲೇ ಉಳಿದರೆ ಅಲ್ಲಿಗೇ ಮುಗಿಯಿತು. ಸಂಡೇ ಸ್ಕೂಲ್ ಶಿಕ್ಷಕರ ತರಬೇತಿ, ಕ್ರಿಸ್ಮಸ್ ಸಂಗೀತಕ್ಕೆ ಪುಸ್ತಕ ತರಿಸುವುದು, ಶರತ್ಕಾಲದಲ್ಲಿ ಮುಂದಿನ ವರ್ಷದ ಕಾಣಿಕೆಗೆ ಸದಸ್ಯರಿಂದ ವಾಗ್ದಾನ ಕೇಳುವ ಅಭಿಯಾನದ ಸಿದ್ಧತೆ ಆಗಸ್ಟಿನಲ್ಲೇ ಮುಗಿದಿರಬೇಕು. ಸೆಪ್ಟೆಂಬರಿನ ಒಂದು ಭಾನುವಾರ ಹಳೆಯ ಪ್ರಾಟೆಸ್ಟೆಂಟ್ ಸಭೆಗಳು ರ್‍ಯಾಲಿ ಡೇ ಆಚರಿಸುತ್ತವೆ. ಅಂದು ಮಕ್ಕಳು ಹೊಸ ತರಗತಿಗೆ ಏರುತ್ತಾರೆ, ಕ್ವಾಯರ್ ನಿಲುವಂಗಿ ತೊಟ್ಟು ಮರಳುತ್ತದೆ, ಆರಾಧನೆ ಮತ್ತೆ ಎರಡಾಗುತ್ತದೆ.